ರ‍್ಯಾಪೆಲಿಂಗ್: ಕಡಿದಾದ ಅಂಚನ್ನು ದಾಟುವುದು ಹೇಗೆ?

ಪ್ರಶ್ನೆ: ರಾಮನಗರದಲ್ಲಿ ಹಗ್ಗದ ನೆರವಿನಿಂದ ಬಂಡೆಯಿಳಿಯುವ ರ‍್ಯಾಪೆಲಿಂಗ್ ಕಲಿತಿದ್ದೇನೆ. ಬಾದಾಮಿಯಲ್ಲಿ ಮಾತ್ರ ಅಂಚು ದಾಟುವಾಗ ಕಾಲು ಜಾರಿ ಮೊಣಕಾಲು ಬಂಡೆಗೆ ಬಡಿಯಿತು. ಆ್ಯಂಕರ್ (ಹಗ್ಗವನ್ನು ಬಿಗಿದಿದ್ದ ಆಧಾರ) ನೆಲಮಟ್ಟದಲ್ಲಿತ್ತು. ಇಂತಹ ಕಡೆ ಸುರಕ್ಷಿತವಾಗಿ ಇಳಿಯುವ ಕ್ರಮವೇನು?

ಉತ್ತರ: ರಾಮನಗರದ ಗ್ರಾನೈಟ್ ಬಂಡೆಗಳ ನೆತ್ತಿ ಬಹುಮಟ್ಟಿಗೆ ದುಂಡಗಿರುವುದರಿಂದ ಇಳಿಜಾರು ನಿಧಾನವಾಗಿ ಕಡಿದಾಗುತ್ತಾ ಹೋಗುತ್ತದೆ, ಬಾದಾಮಿಯ ಮರಳುಗಲ್ಲು ಅನೇಕ ಕಡೆ ಕೊಯ್ದಿಟ್ಟಂತೆ ಒಮ್ಮೆಗೇ ಮುಗಿಯುತ್ತದೆ. ಆದರೂ ನೀವು ಜಾರಲು ಮುಖ್ಯ ಕಾರಣ ಆ್ಯಂಕರಿನ ಎತ್ತರವೇ ಇರಬೇಕು. ನೆಲಮಟ್ಟದ ಹಗ್ಗ ನಿಂತವರನ್ನು ಹಿಂದಕ್ಕೆ ಬೀಳದಂತೆ ಎಳೆದು ಹಿಡಿಯಬಲ್ಲದೇ ಹೊರತು ಮೇಲಕ್ಕೆ ಎತ್ತಿ ಹಿಡಿಯಲಾರದು. ಸೊಂಟ ಅಂಚಿಗಿಂತ ಕೆಳಗಿಳಿದು, ಹಗ್ಗ ಅಂಚಿನ ಮೇಲೆ ಬಾಗಿದ ನಂತರವಷ್ಟೇ ಅದು ಪೂರ್ಣ ಭಾರವನ್ನು ಹೊರುತ್ತದೆ. ಅದಕ್ಕೆ ಮೊದಲೇ ಪಾದ ಜಾರಿದರೆ ಮೈ ಬಂಡೆಗೆ ಅಪ್ಪಳಿಸುತ್ತದೆ.

ಆದ್ದರಿಂದ ಮೊದಲು ಹಿಂಬದಿಯಲ್ಲಿ ಗಟ್ಟಿಯಾದ ಮರವೋ ಬಂಡೆಯೋ ಇದೆಯೇ ಎಂದು ನೋಡಿ, ಆ್ಯಂಕರನ್ನು ಸೊಂಟಕ್ಕಿಂತ ಮೇಲೆ ಕಟ್ಟಲು ಪ್ರಯತ್ನಿಸಿ. ಅದು ಸಾಧ್ಯವಿಲ್ಲದಿದ್ದರೆ ನಿಂತು ಇಳಿಯುವ ಹಟ ಬೇಡ. ಗಟ್ಟಿ ಪಟ್ಟಿಯ ಕುಣಿಕೆಯಾದ ಸುರಕ್ಷಾ ಸ್ಲಿಂಗ್‌ನಿಂದ ಆ್ಯಂಕರಿಗೆ ಕಟ್ಟಿಕೊಂಡೇ ಅಂಚಿನಲ್ಲಿ ಕುಳಿತು, ಹಗ್ಗದ ಸಡಿಲನ್ನೆಲ್ಲ ಎಳೆದುಕೊಂಡು, ಹಗ್ಗದ ಕೆಳಭಾಗವನ್ನು ಹಿಡಿದು ವೇಗ ತಡೆಯುವ ಬ್ರೇಕ್ ಕೈಯನ್ನು ಸೊಂಟದ ಬಳಿ ಬಿಗಿಹಿಡಿದು, ಬಂಡೆಯ ಕಡೆಗೆ ಮಗ್ಗುಲಾಗಿ ತಿರುಗಿ, ಇನ್ನೊಂದು ಅಂಗೈಯನ್ನು ಹಗ್ಗದಿಂದ ದೂರ ಊರಿ, ಹಗ್ಗವೇ ನಿಮ್ಮನ್ನು ಹೊರುವವರೆಗೆ ಮೆಲ್ಲನೆ ಜಾರಿರಿ. ಸ್ಲಿಂಗ್ ಬಿಚ್ಚುವುದು ಆಮೇಲೆ. ಬಿಗಿಯಾದ ಹಗ್ಗಕ್ಕೂ ಬಂಡೆಗೂ ನಡುವೆ ಬೆರಳು ಸಿಕ್ಕಿದರೆ ಸ್ವಂತ ಭಾರವೇ ಅದನ್ನು ಜಜ್ಜುತ್ತದೆ.

ಭಾರ ಬಿದ್ದಾಗ ಡಿಸೆಂಡರ್ (ಹಗ್ಗ ಹಾಯಿಸಿ ಇಳಿಯುವ ವೇಗ ನಿಯಂತ್ರಿಸುವ ಸಾಧನ) ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಸ್ಲಿಂಗ್‌ನಿಂದ ಅದನ್ನು ಸೊಂಟಪಟ್ಟಿಯಿಂದ ದೂರಕ್ಕೆ ಜೋಡಿಸಿದ್ದರೆ, ಕುಳಿತು ಇಳಿಯುವಾಗ ಅದು ಅಂಚಿನ ಮೇಲೆಯೇ ಸಿಕ್ಕಿಕೊಳ್ಳಬಹುದು. ಫಿಗರ್ ಎಯ್ಟ್ ಎಂಬ, ಇಂಗ್ಲಿಷ್ 8ರ ಆಕಾರದ ಡಿಸೆಂಡರ್ ಬಳಸುವವರು ಇನ್ನಷ್ಟು ಎಚ್ಚರದಿಂದಿರಬೇಕು: ಅಂಚಿಗೆ ಉಜ್ಜಿದಾಗ ಹಗ್ಗ ದೊಡ್ಡ ಬಳೆಯ ಮೇಲೇರಿ ಗಂಟಾಗಿ ಬಿಗಿದುಬಿಡಬಹುದು, ನೇತಾಡುತ್ತಾ ಅದನ್ನು ಬಿಡಿಸುವುದು ಬಹಳ ಕಷ್ಟ. ಬ್ರೇಕ್ ಹಗ್ಗಕ್ಕೆ ಭಾರ ಬಿದ್ದಾಗ ಬಿಗಿಹಿಡಿಯುವ ಪ್ರುಸಿಕ್ ಗಂಟು ಹಾಕಿದ್ದರೆ ಕೈ ತಪ್ಪಿದರೂ ಅದು ತಡೆಯುತ್ತದೆ.

ಅಂಚಿನ ಕೆಳಗೆ ಬಂಡೆ ಒಳಸರಿದಿದ್ದರೆ ಪಾದಗಳನ್ನು ಅಂಚಿನಲ್ಲೇ ಅಗಲವಾಗಿ ಊರಿ, ಸೊಂಟ ಪಾದಗಳಿಗಿಂತ ಚೆನ್ನಾಗಿ ಕೆಳಗೆ ಬರುವವರೆಗೆ ಹಗ್ಗವನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ, ನಂತರ ಎರಡೂ ಕಾಲುಗಳನ್ನು ಒಟ್ಟಿಗೆ ತೆಗೆಯಿರಿ. ಕೆಲವು ಶಿಬಿರಗಳಲ್ಲಿ ಹೊಸಬರನ್ನು ಹಿಂದಕ್ಕೆ ಜಿಗಿಯಲು ಹುರಿದುಂಬಿಸುತ್ತಾರೆ. ಅದನ್ನು ನಾನು ಖಂಡಿತ ಒಪ್ಪುವುದಿಲ್ಲ. ಜಿಗಿತದ ಹೊಡೆತವೆಲ್ಲ ಹಗ್ಗ ಅಂಚಿಗೆ ತಾಗುವ ಜಾಗದಲ್ಲೇ ಬೀಳುತ್ತದೆ.

ಆ ಜಾಗದಲ್ಲಿ ದಪ್ಪ ಕ್ಯಾನ್ವಾಸ್ ಹಾಸಿ, ಅದನ್ನು ಬೇರೆ ದಾರದಿಂದ ಕಟ್ಟಿ. ಇಳಿಯುವಾಗ ಅಕ್ಕಪಕ್ಕಕ್ಕೆ ತೂಗಾಡಬೇಡಿ, ಏಕೆಂದರೆ ಬಿಗಿದ ಹಗ್ಗ ಅಂಚಿನ ಮೇಲೆ ಅಡ್ಡಡ್ಡ ಉಜ್ಜಿದರೆ ಬೇಗ ಕತ್ತರಿಸಿಹೋಗುತ್ತದೆ. ಮುಂದಿನ ಸಲ ಬಾದಾಮಿಗೆ ಹೋಗುವ ಮೊದಲು, ಎದೆಯೆತ್ತರದ ಬಂಡೆಯೊಂದರಲ್ಲಿ, ಬೇರೆ ಹಗ್ಗದಿಂದ ನಿಮ್ಮನ್ನು ಮೇಲಿನಿಂದ ಹಿಡಿದು ಕಾಯುವ (ಬಿಲೇ ನೀಡುವ) ತರಬೇತುದಾರರ ಎದುರಿನಲ್ಲಿ, ಈ ಕುಳಿತು ಇಳಿಯುವ ಕ್ರಮವನ್ನು ಅಭ್ಯಾಸ ಮಾಡಿ.