ಸಂಪಾದಕರ ಉತ್ತರ: ಗುರುತಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ

ಮಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: "ಮಗನನ್ನು ನೋಡಲು ಇಂಗ್ಲೆಂಡಿಗೆ ಹೋದಾಗ, ಹಳೇ ಪುಸ್ತಕದಂಗಡಿಯಲ್ಲಿ ಗಾಡಿ ಕುದುರೆಯ ಸಣ್ಣ ಚಿತ್ರ ಕೊಂಡೆ. ಥಾಮಸ್ ಬ್ಯೂಯಿಕ್ ಎಂಬವನ ಎನ್‌ಗ್ರೇವಿಂಗ್, ಇನ್ನೂರು ವರ್ಷ ಹಳೇದು ಅಂದರು. ಇಲ್ಲಿ ಗೆಳೆಯರೊಬ್ಬರು, 'ಅಸಲಿಯಾದರೆ ಸುತ್ತ ತಗಡು ಒತ್ತಿದ ಗುರುತು ಇರಬೇಕು. ಇದರ ಹಿಂದೆ ಅಕ್ಷರ ಬೇರೆ ಇದೆ' ಎಂದು ನಕ್ಕರು. ಮೋಸ ಹೋದೆನೇ? ಇಂಥವನ್ನು ಇನ್ನಷ್ಟು ಕೂಡಿಸುವ ಆಸೆ. ಎಲ್ಲಿಂದ ಶುರು ಮಾಡಲಿ?"

ಎನ್‌ಗ್ರೇವಿಂಗ್ ಎಂದರೆ ಕೆತ್ತಿ ಅಚ್ಚು ಹಾಕಿದ ಚಿತ್ರ. ನಿಮ್ಮ ಗೆಳೆಯರು ಹೇಳಿದ್ದು ತಾಮ್ರದ ತಗಡಿನಲ್ಲಿ ಕೆತ್ತಿದವುಗಳ ವಿಚಾರ. ಅಲ್ಲಿ ಮಸಿ ಕೆತ್ತಿದ ಗೀರುಗಳೊಳಗೆ ಇರುತ್ತದೆ. ಅದು ಕಾಗದಕ್ಕೆ ಹತ್ತಬೇಕಾದರೆ ಜೋರಾಗಿ ಒತ್ತಬೇಕು. ಆಗ ತಗಡಿನ ಅಂಚು ಮೂಡುತ್ತದೆ. ಬ್ಯೂಯಿಕ್ ಕೆತ್ತಿದ್ದು ಮರದಲ್ಲಿ. ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಆ ನಯವಾದ ಮುಖದ ಮೇಲೆ ಕೆತ್ತುತ್ತಿದ್ದ. ಮಸಿ ಉಬ್ಬಿದ ಭಾಗಕ್ಕೆ ಹತ್ತುತ್ತದೆ, ಅಚ್ಚಿನ ಮೊಳೆಗಳ ಹಾಗೇ. ಆದ್ದರಿಂದ ಚಿತ್ರವನ್ನೂ ಅಕ್ಷರವನ್ನೂ ಒಟ್ಟಿಗೆ ಜೋಡಿಸಿ ಅಚ್ಚು ಹಾಕಬಹುದಿತ್ತು. ಹಿಂಬದಿಯ ಅಕ್ಷರ ನಿಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತಿದೆ! ಆ ಮರದ ಕಾಂಡ ಅಷ್ಟೇನೂ ದಪ್ಪ ಬೆಳೆಯುವುದಿಲ್ಲ. ಚಿತ್ರಗಳು ಅಂಗೈಯಗಲ ಇರುವುದು ಅದಕ್ಕೇ.

ನಿಮ್ಮದು ಬಹುಶಃ ನ್ಯೂಕ್ಯಾಸಲ್‌ನಲ್ಲಿ 1790ರಲ್ಲಿ ಬಂದ ಅವನ ನಾಲ್ಕು ಕಾಲಿನ ಪ್ರಾಣಿಗಳ ಪುಸ್ತಕದ ಹಾಳೆ. ಅದು ಶುರುವಾಗುವುದೇ ಕುದುರೆಯಿಂದ. ಅರಬ್ಬಿ, ರೇಸಿನದು, ಬೇಟೆಯದು, ಗಾಡಿಯದು ಎಲ್ಲ ಇವೆ. ಆದರೆ ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಅವನು ಸತ್ತು ಎಷ್ಟೋ ವರ್ಷವಾದ ಮೇಲೆ, 1885ರಿಂದ, ಅದೇ ಮರದ ಅಚ್ಚುಗಳಿಂದ ಸ್ಮಾರಕ ಆವೃತ್ತಿಯೂ ಬಂತು. ಅಚ್ಚು ಅಸಲಿಯಾದರೂ ಹಾಳೆ ಅಷ್ಟು ಹಳೇದಲ್ಲದೆ ಇರಬಹುದು, ಅಲ್ವಾ? ಹಳೇ ಆವೃತ್ತಿಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಿಂಬದಿಯ ಸಾಲುಗಳು ಎಲ್ಲಿ ಮುರಿಯುತ್ತವೆ, ಪುಟಸಂಖ್ಯೆ ಏನು ಎಂದು ಹೋಲಿಸಿ ನೋಡಿ. ಒಂದು ಭೂತಗನ್ನಡಿಯನ್ನೂ ಇಟ್ಟುಕೊಳ್ಳಿ. ಚಿತ್ರದ ತುಂಬ ಸಾಲು ಹಿಡಿದ ಪುಟ್ಟ ಚುಕ್ಕಿಗಳು ಕಂಡರೆ ಅದು ಫೋಟೊ ತೆಗೆದು ಮಾಡಿದ ಅಚ್ಚು. ಆಗ ಗೆಳೆಯರು ನಗಲಿ, ಬಿಡಿ.

ಇನ್ನು ಸಂಗ್ರಹ. ಕೆಂಪು ಕೋಟಿನ ನರಿಬೇಟೆ ಚಿತ್ರಗಳ ಬೆನ್ನು ಹತ್ತಬೇಡಿ ಎನ್ನುತ್ತೇನೆ. ಗೋಡೆ ಅಲಂಕಾರಕ್ಕೆಂದೇ ಅವನ್ನು ಮರುಮುದ್ರಿಸಿದ್ದು ಜಾಸ್ತಿ. ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್ ಸತ್ತ ಕುದುರೆಗಳನ್ನು ಸುಮಾರು ಒಂದೂವರೆ ವರ್ಷ ಕೊಯ್ದು ನೋಡಿ, ತಾನೇ ತಗಡು ತಯಾರಿಸಿ 1766ರಲ್ಲಿ ತಂದ ಅಂಗರಚನೆಯ ಚಿತ್ರಗಳು ಅದ್ಭುತ. ಆದರೆ ಅವನ್ನು ಮ್ಯೂಸಿಯಮ್ಮಿನಲ್ಲಿ ನೋಡಿ ಖುಷಿಪಟ್ಟರೆ ಸಾಕು.

ನನ್ನ ಮಟ್ಟಿಗೆ ರುಚಿ ಇರುವುದು ಅಧ್ಯಾಯದ ಕೊನೆಯಲ್ಲಿ ಉಳಿದ ಜಾಗಕ್ಕೆ ಬ್ಯೂಯಿಕ್ ತುಂಬಿದ ಪುಟ್ಟ ಚಿತ್ರಗಳಲ್ಲಿ. ಒಂದರಲ್ಲಿ ಮಗು ಕುದುರೆಮರಿಯ ಬಾಲ ಜಗ್ಗುತ್ತಿದೆ, ತಾಯಿ ಗಾಬರಿಯಿಂದ ಓಡಿ ಬರುತ್ತಿದ್ದಾಳೆ. ಇನ್ನೊಂದರಲ್ಲಿ ಸೇತುವೆ ಸುಂಕ ಉಳಿಸಲು ಹೊರಟವನೊಬ್ಬ ಹಸುವಿನ ಬಾಲ ಹಿಡಿದು ಹೊಳೆ ದಾಟುತ್ತಾನೆ. ಟೋಪಿ ನೀರುಪಾಲು! ಹಳ್ಳಿಯಲ್ಲೇ ಹುಟ್ಟಿ ಬೆಳೆದವನು ಅವನು, ಯಾರನ್ನೂ ಸಿಂಗರಿಸುವುದಿಲ್ಲ. ಕೊನೆಗಾಲದಲ್ಲಿ ಕೆತ್ತುತ್ತಿದ್ದದ್ದೂ ಮಳೆಯಲ್ಲಿ ಸಾವು ಕಾಯುತ್ತ ನಿಂತ ಬಡಕಲು ಮುದಿಕುದುರೆಯನ್ನೇ. ಅದು ಮುಗಿಯುವ ಮುಂಚೆ 1828ರಲ್ಲಿ ತೀರಿಕೊಂಡ. ಮಗ ಅದನ್ನು 1832ರಲ್ಲಿ ಹಾಗೇ ಪ್ರಕಟಿಸಿದ.

ಬಿಡಿ ಹಾಳೆಗಿಂತ ರಟ್ಟು ಹೋದ, ಕೆಲವು ಪುಟ ಕಳೆದ ಪುಸ್ತಕವನ್ನೇ ಹುಡುಕಿ. ಬಿಡಿ ಹಾಳೆಗೆ ಗಿರಾಕಿ ಹೆಚ್ಚಿದಷ್ಟೂ ಚೆನ್ನಾಗಿರುವ ಪುಸ್ತಕಕ್ಕೂ ಕತ್ತರಿ ಬೀಳುತ್ತದೆ.

ನಿಮ್ಮೂರಿನ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕಿಲ್ಲ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಫ್ರೇಮ್ ಹಾಕುವವರಿಗೆ ಆಸಿಡ್ ಇಲ್ಲದ ಬೋರ್ಡೇ ಬೇಕು, ಗಾಜು ಕಾಗದಕ್ಕೆ ತಾಗಬಾರದು ಎಂದು ಹೇಳಿ. ಥಂಡಿ ಹಿಡಿಯುವ ಹೊರಗೋಡೆ ಬೇಡ, ಬಿಸಿಲೂ ಬೇಡ. ಹಿಂಬದಿಯ ಪುಟಸಂಖ್ಯೆ ಯಾವ ಆವೃತ್ತಿಗೆ ಹೊಂದಿತು ಎಂದು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

— ಸಂ.