ಮಗು ಶ್ವಾಸಕೋಶಕ್ಕೆ ಬಿಟ್ಟ ಔಷಧಿ ಹಸುವಿನದ್ದಂತೆ, ಹೌದಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಂಗೆ 30 ವಾರಕ್ಕೇ ಹೆರಿಗೆ ಆಯ್ತು, ಗಂಡುಮಗು, 1.3 ಕೆಜಿ. ಹುಟ್ಟಿ ಒಂದು ಗಂಟೆನೂ ಆಗಿರ್ಲಿಲ್ಲ, ಪಕ್ಕೆ ಹಾರೋಕೆ ಶುರುವಾಗಿ ನರಳ್ತಿತ್ತಂತೆ. ಎನ್‌ಐಸಿಯುಗೆ (ಹುಟ್ಟಿದ ಮಕ್ಕಳ ತೀವ್ರ ನಿಗಾ ಘಟಕ) ಹಾಕಿ ಶ್ವಾಸನಾಳದೊಳಗೆ ಏನೋ ಔಷಧಿ ಬಿಟ್ರು, ಆಮೇಲೆ ಮೂಗಿಗೆ ಸಿಪ್ಯಾಪ್ ಅಂತ ಒತ್ತಡದಲ್ಲಿ ಗಾಳಿ ಕೊಡೋ ಮೆಷಿನ್ ಹಾಕಿದ್ರು. ಈಗ 20 ದಿನ ಆಯ್ತು, ಹುಷಾರಾಗಿದಾನೆ, ಸದ್ಯದಲ್ಲೇ ಡಿಸ್ಚಾರ್ಜ್ ಅಂದಿದಾರೆ. ಆದ್ರೆ ಆ ಔಷಧಿ ಹಸುವಿನ ಶ್ವಾಸಕೋಶದಿಂದ ತೆಗೆದಿದ್ದು ಅಂತ ಮೊನ್ನೆ ಗೊತ್ತಾಗಿ ನಮ್ಮತ್ತೆ ಸರಿಯಾಗಿ ಊಟನೇ ಮಾಡ್ತಿಲ್ಲ. ನಿಜನಾ ಅದು? ಕೊಡ್ಲೇಬೇಕಿತ್ತಾ?

ಉತ್ತರ: ನಿಜ ಅಮ್ಮ. ಅದರ ಹೆಸ್ರು ಸರ್ಫ್ಯಾಕ್ಟೆಂಟ್. ನಮ್ಮಲ್ಲಿ ಸಿಗೋದು ಬಹುತೇಕ ಹಸು ಇಲ್ಲಾ ಹಂದಿಯ ಶ್ವಾಸಕೋಶದಿಂದ ತಯಾರಾಗಿದ್ದೇ. ಇದನ್ನ ನಿಮ್ಗೆ ಮೊದಲೇ ಕೂರಿಸ್ಕೊಂಡು ಹೇಳ್ಬೇಕಿತ್ತು, ಎಷ್ಟೇ ಅವಸರ ಇದ್ರೂ ಎರಡು ಮಾತಲ್ಲಿ ಹೇಳ್ಬಹುದು, ಹೇಳದೇ ಹೋಗಿದ್ದು ತಪ್ಪು.

ಕೊಡ್ಲೇಬೇಕಿತ್ತಾ ಅಂದ್ರೆ, ಹೌದು, ನೀವು ಬರೆದಿರೋ ಲಕ್ಷಣ ನೋಡಿದ್ರೆ ಬೇಕಿತ್ತು. ಯಾಕೆ ಅಂತ ಹೇಳ್ತೀನಿ, ಅತ್ತೆಗೂ ಓದಿ ಹೇಳಿ. ತೊಳೆದ ಎರಡು ತಟ್ಟೆ ಒದ್ದೆಯಾಗೇ ಒಂದರ ಮೇಲೊಂದು ಇಟ್ರೆ ಕಚ್ಕೊಂಡ್ಬಿಡತ್ತಲ್ವಾ, ಮಗು ಶ್ವಾಸಕೋಶದಲ್ಲಿರೋ ಸಣ್ಣ ಸಣ್ಣ ಗಾಳಿಚೀಲಗಳ ಒಳಗೂ ಹಂಗೇ ತೇವ ಇರತ್ತೆ, ಉಸಿರು ಬಿಟ್ಟ ತಕ್ಷಣ ಅವು ಮುದುಡ್ಕೊಳ್ಳೋಕೆ ನೋಡ್ತವೆ. ಹಂಗಾಗದ ಹಾಗೆ ತಡೆಯೋಕೆ ಒಳಗೆ ಒಂದು ಜಿಡ್ಡಿನ ಪದರ ಇರತ್ತೆ, ಅದೇ ಸರ್ಫ್ಯಾಕ್ಟೆಂಟ್, ಸೋಪು ಮಾಡೋ ಕೆಲಸನೇ ಅದು ಮಾಡೋದು. ಆ ಜಿಡ್ಡು ಸಾಕಷ್ಟು ತಯಾರಾಗೋದು ಸುಮಾರು 34-35 ವಾರಕ್ಕೆ. ನಿಮ್ಮ ಮಗು 30ಕ್ಕೇ ಬಂತು, ಪ್ರತಿ ಉಸಿರಿಗೂ ಹೊಸ ಬಲೂನ್ ಊದಿದಷ್ಟು ಕಷ್ಟ ಪಡ್ತಿತ್ತು ಪಾಪ. (ಏಳು ತಿಂಗಳ ಮಗು ಉಳಿಯತ್ತೆ ಎಂಟರದ್ದು ಉಳಿಯಲ್ಲ ಅಂತಾರಲ್ಲ, ಅದು ಸುಳ್ಳು, ಒಳಗೆ ಹೆಚ್ಚು ದಿನ ಇದ್ದಷ್ಟೂ ಒಳ್ಳೇದು.)

ಈ ಜಿಡ್ಡು ಸಾಲದೇ ಇರೋದೇ ಇಂಥ ಮಕ್ಕಳ ಉಸಿರಾಟದ ಕಾಯಿಲೆಗೆ ಕಾರಣ ಅಂತ ಕಂಡುಹಿಡಿದ ಡಾಕ್ಟ್ರು ಮೇರಿ ಎಲೆನ್ ಏವರಿ ಅಂತ, ಅಮೆರಿಕದವ್ರು. ಡಾಕ್ಟ್ರಾದ ಹೊಸದ್ರಲ್ಲೇ ಅವ್ರಿಗೇ ಟಿಬಿ ಬಂದಿತ್ತು, ಶ್ವಾಸಕೋಶದ ಮೇಲೆ ಆಸಕ್ತಿ ಹುಟ್ಟಿದ್ದೇ ಆಗ. ಆ ಕಾಲದಲ್ಲಿ ಇಂಥ ಮಕ್ಕಳು ತೀರ್ಕೊಂಡ್ರೆ ಶ್ವಾಸಕೋಶದಲ್ಲಿ ಗಾಜಿನಂಥ ಒಂದು ಪೊರೆ ಕಾಣ್ತಿತ್ತು, ಎಲ್ರೂ ಆ ಪೊರೆ ಎಲ್ಲಿಂದ ಬಂತು ಅಂತಾನೇ ಹುಡುಕ್ತಿದ್ರು. ಇವ್ರು ಬೇರೆ ಕಾರಣಕ್ಕೆ ತೀರ್ಕೊಂಡ ಮಕ್ಕಳ ಶ್ವಾಸಕೋಶದ ಜೊತೆ ಹೋಲಿಸಿ ನೋಡಿದ್ರು, ಅಲ್ಲಿ ನೊರೆ ಇದೆ, ಇಲ್ಲಿ ಇಲ್ಲ. ಇರಬಾರದ್ದು ಬಂದಿದ್ದಲ್ಲ, ಇರಬೇಕಾದ್ದು ಇಲ್ದೇ ಹೋಗಿದ್ದು ಅಂತ ಜೆರಿ ಮೀಡ್ ಅನ್ನೋ ಸಂಶೋಧಕರ ಜೊತೆ ಸೇರಿ 1959ರಲ್ಲಿ ಬರೆದ್ರು. ನಂಗೆ ಈಗ್ಲೂ ಇದನ್ನ ನೆನೆಸ್ಕೊಂಡ್ರೆ ಮೈ ಜುಮ್ ಅನ್ನತ್ತೆ.

ಆದ್ರೆ ಗೊತ್ತಾದ ತಕ್ಷಣ ಔಷಧಿ ಸಿಗ್ಲಿಲ್ಲ. 1963ರಲ್ಲಿ ಅಮೆರಿಕ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ ಇದೇ ಕಾಯಿಲೆಗೆ 39 ಗಂಟೆಲಿ ಹೋಗ್ಬಿಟ್ಟ, ತೂಕ ಸುಮಾರು 2.1 ಕೆಜಿ, ನಿಮ್ಮ ಮಗನಿಗಿಂತ ಎಷ್ಟೋ ದೊಡ್ಡ ಮಗು. ದೇಶದ ಅಧ್ಯಕ್ಷನ ಹತ್ರಾನೂ ಅವತ್ತು ಈ ಔಷಧಿ ಇರ್ಲಿಲ್ಲ. 1980ರಲ್ಲಿ ಜಪಾನಿನ ಫುಜಿವಾರಾ ಅನ್ನೋ ಡಾಕ್ಟ್ರು ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟನ್ನ 10 ಮಕ್ಕಳಿಗೆ ಕೊಟ್ಟು ಉಸಿರಾಟ ಸುಧಾರಿಸಿದ್ದನ್ನ ತೋರಿಸಿದ್ಮೇಲೆ ದಾರಿ ತೆರೀತು.

ಸಿಪ್ಯಾಪ್ ವಿಷ್ಯ: ಮಗು ನರಳ್ತಿತ್ತು ಅಂದ್ರಲ್ಲ, ಅದು ಬರೀ ನೋವಿನ ಸದ್ದಲ್ಲ, ಗಾಳಿ ಪೂರ್ತಿ ಹೊರಗೆ ಹೋಗದ ಹಾಗೆ ಮಗು ತಾನೇ ಗಂಟಲು ಬಿಗಿ ಹಿಡ್ಕೊಳ್ಳೋದು. ಅದೇ ಕೆಲಸವನ್ನ ಮೆಷಿನ್ನಿಂದ ಮಾಡ್ಸಿದ್ರು ಸ್ಯಾನ್‌ಫ್ರಾನ್ಸಿಸ್ಕೋದ ಗ್ರೆಗರಿ ಅನ್ನೋ ಡಾಕ್ಟ್ರು, 1971ರಲ್ಲಿ, 20 ಮಕ್ಕಳಲ್ಲಿ 16 ಉಳ್ಕೊಂಡ್ವು.

ಅತ್ತೆಯವ್ರ ಸಂಕಟ ಸಣ್ಣದಲ್ಲ, ಅದನ್ನ ತಳ್ಳಿ ಹಾಕ್ಬೇಡಿ. ಇಷ್ಟು ಹೇಳಿ ಸಾಕು, ಒಳಗೆ ಹೋಗಿದ್ದು ಮಾಂಸ ಅಲ್ಲ, ಶುದ್ಧಿ ಮಾಡಿದ ಜಿಡ್ಡು, ಜೊತೆಗೆ ಚೂರು ಪ್ರೋಟೀನ್. ಸ್ವಲ್ಪ ದಿನ ಆಧಾರ ಕೊಡತ್ತೆ, ಅಷ್ಟೊತ್ತಿಗೆ ಮಗುನೇ ತನ್ನದು ತಾನು ಮಾಡ್ಕೊಳ್ಳೋಕೆ ಶುರು ಮಾಡತ್ತೆ. ಈಗ ಅವನು ಉಸಿರಾಡ್ತಿರೋದು ತನ್ನದರಲ್ಲೇ.

ಮುಂದೆ ಇನ್ನೊಂದು ಮಗು ಆದ್ರೆ, ಹೆರಿಗೆ ಮುಂಚೆನೇ ಆಗೋ ಸೂಚನೆ ಕಂಡ್ರೆ ತಡ ಮಾಡ್ದೇ ಆಸ್ಪತ್ರೆಗೆ ಹೋಗಿ. ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ರೆ ಹೊಟ್ಟೇಲಿರೋ ಮಗು ಶ್ವಾಸಕೋಶ ಬೇಗ ಬಲಿಯತ್ತೆ. ನ್ಯೂಜಿಲೆಂಡ್‌ನ ಲಿಗಿನ್ಸ್ ಅನ್ನೋ ಡಾಕ್ಟ್ರು ಮೊದ್ಲು ಕುರಿಗಳಲ್ಲಿ ಕಂಡು, ಆಮೇಲೆ ಹೋವಿ ಅನ್ನೋ ಇನ್ನೊಬ್ಬ ಡಾಕ್ಟ್ರ ಜೊತೆ 282 ತಾಯಂದಿರಲ್ಲಿ ಪರೀಕ್ಷೆ ಮಾಡಿ 1972ರಲ್ಲಿ ತೋರಿಸಿದ್ದು ಇದನ್ನ.

ನೀವು ಕೇಳದೇ ಇರೋ ಒಂದು ಮಾತು, ಇವತ್ತೇ ವಿಚಾರ್ಸಿ: ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಕಣ್ಣಿನ ಹಿಂಭಾಗದ ಪರದೆ ಪರೀಕ್ಷೆ, ಆರ್‌ಒಪಿ ಅನ್ನೋ ಪರದೆ ಕಾಯಿಲೆ ಇದೆಯಾ ಅಂತ ನೋಡೋದು, ಹುಟ್ಟಿದ 30 ದಿನದೊಳಗೆ ಆಗ್ಲೇಬೇಕು. ಡಿಸ್ಚಾರ್ಜ್ ಗಡಿಬಿಡೀಲಿ ಇದು ಮರೆತೋಗತ್ತೆ. ನಿಮ್ಮ ಮಗುಗೆ ಇನ್ನು 10 ದಿನ ಇದೆ.