ಹಳೆಯ ಡಿಸ್ಕಿಗೆ ಕೊನೆಗೆ ಕೈ ಹಾಕಿ

ಮನೆ ಸರ್ವರ್‌ನಲ್ಲಿ ಡಿಸ್ಕ್ ಸೇರಿಸುವುದು, ಬದಲಿಸುವುದು, ಮರುಜೋಡಿಸುವುದು ಹೇಗೆಂದು ಕೊಡಗಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡಿದ್ದೇವೆ. 4 ಟಿಬಿಯ ಎರಡು ಡಿಸ್ಕ್‌ಗಳನ್ನು ಎಲ್‌ವಿಎಂನಲ್ಲಿ (ಹಲವು ಡಿಸ್ಕ್‌ಗಳನ್ನು ಒಂದಾಗಿ ತೋರಿಸುವ ವ್ಯವಸ್ಥೆ) ಸೇರಿಸಿ ಒಂದೇ 8 ಟಿಬಿ ಜಾಗವಾಗಿ ಬಳಸುತ್ತಿದ್ದೇವೆ. ಹೋಂಸ್ಟೇ ಫೋಟೊ, ತೋಟದ ಲೆಕ್ಕ, ಮನೆಯ ವಿಡಿಯೊ ಸೇರಿ 3 ಟಿಬಿ ತುಂಬಿದೆ. ಒಂದು ಡಿಸ್ಕ್ ಕೆಟ್ಟರೂ ಎಲ್ಲ ಉಳಿಯುವಂತೆ ಮಿರರ್ (ಎರಡು ಡಿಸ್ಕ್‌ಗಳಲ್ಲೂ ಒಂದೇ ಡೇಟಾ) ಮಾಡಬೇಕು. ಹೊಸ 4 ಟಿಬಿ ಡಿಸ್ಕ್ ಒಂದನ್ನು ತಂದಿದ್ದೇವೆ. ಹೇಗೆ ಮಾಡುವುದು? (ಗೋಣಿಕೊಪ್ಪಲು)

ಉತ್ತರ: ನೀವು ಬದಲಾಯಿಸಲು ಹೊರಟಿರುವುದು ಒಳ್ಳೆಯದಾಯಿತು. ಈಗಿನ ಜೋಡಣೆಯಲ್ಲಿ ಎರಡರಲ್ಲಿ ಯಾವ ಡಿಸ್ಕ್ ಹೋದರೂ ಇಡೀ ಫೈಲ್ ಸಿಸ್ಟಮ್ ಮುರಿಯುತ್ತದೆ. ಅಂದರೆ ಒಂದೇ ಡಿಸ್ಕ್ ಇದ್ದದ್ದಕ್ಕಿಂತ ಅಪಾಯ ಹೆಚ್ಚು.

ನಿಮ್ಮ 3 ಟಿಬಿ ಒಂದೇ 4 ಟಿಬಿ ಡಿಸ್ಕಿನಲ್ಲಿ ಹಿಡಿಸುತ್ತದೆ. ಇಡೀ ಕೆಲಸ ಸಾಧ್ಯವಾಗುವುದು ಅದರಿಂದಲೇ. ಹೊಸ ಡಿಸ್ಕಿನ ಮೇಲೆ ಅರ್ಧ ಮಿರರ್ ಕಟ್ಟಿ, ಅದಕ್ಕೆ ಎಲ್ಲವನ್ನೂ ನಕಲಿಸಿ, ತಾಳೆ ನೋಡಿ, ಆಮೇಲೆ ಹಳೆಯ ಡಿಸ್ಕೊಂದನ್ನು ಇನ್ನರ್ಧವಾಗಿ ಸೇರಿಸಬೇಕು. ಆದರೆ ಎಲ್‌ವಿಎಂ ಬಿಚ್ಚಿದ ಕ್ಷಣದಿಂದ ಮಿರರ್ ಪೂರ್ಣವಾಗುವ ತನಕ ನಿಮ್ಮ ಡೇಟಾ ಹೊಸ ಡಿಸ್ಕಿನಲ್ಲಿ ಮಾತ್ರ ಇರುತ್ತದೆ. ಹೊಸ ಡಿಸ್ಕ್‌ಗಳು ಕೆಡುವುದು ಮೊದಲ ದಿನಗಳಲ್ಲೂ ಉಂಟು. ಆದ್ದರಿಂದ 4 ಟಿಬಿಯ ಯುಎಸ್‌ಬಿ ಡಿಸ್ಕೊಂದನ್ನು ಕೊಳ್ಳಿ, ಇಲ್ಲವೇ ಎರವಲು ತನ್ನಿ. ಮೊದಲ ಪ್ರತಿ ಅದಕ್ಕೆ ಹೋಗಲಿ. ಅದೂ ಆಗದಿದ್ದರೆ ಕನಿಷ್ಠ ಲೆಕ್ಕ ಮತ್ತು ಫೋಟೊಗಳಾದರೂ ಹೊರಗೆ ಇರಲಿ. ಇಷ್ಟಿಲ್ಲದೆ ಮುಂದುವರಿಯಬೇಡಿ.

ಇನ್ನು ಕ್ರಮ. ಮೊದಲು ಡಿಸ್ಕಿನ ಆರೋಗ್ಯ ವರದಿ (ಸ್ಮಾರ್ಟ್) ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಿಂದ ಮೂರೂ ಡಿಸ್ಕ್‌ಗಳ ಸ್ಥಿತಿ ನೋಡಿ. ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 5, 197, 198ನೇ ಸಾಲುಗಳಲ್ಲಿ ಸೊನ್ನೆ ಇರಬೇಕು. ಹಳೆಯ ಡಿಸ್ಕಿನಲ್ಲಿ 197 ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ ಎಂದರ್ಥ. ಅದನ್ನು ಮಿರರ್‌ಗೆ ಸೇರಿಸುವ ಯೋಚನೆ ಬಿಟ್ಟು, ಬೇಗ ನಕಲು ತೆಗೆಯಿರಿ. ಹೊಸ ಡಿಸ್ಕಿಗೆ ದೀರ್ಘ ಸ್ವಯಂಪರೀಕ್ಷೆ ಓಡಿಸಿ. ಸುಮಾರು ಎಂಟು ಗಂಟೆ ಬೇಕು. ಬ್ಯಾಡ್‌ಬ್ಲಾಕ್ಸ್‌ನ ಬರೆಯುವ ಪರೀಕ್ಷೆ ಇನ್ನೂ ಕಟ್ಟುನಿಟ್ಟಾದದ್ದು: ನಾಲ್ಕು ಮಾದರಿಗಳನ್ನು ಬರೆದು ಓದುತ್ತದೆ, 4 ಟಿಬಿಗೆ ಎರಡೂವರೆ ದಿನ ಹಿಡಿಯುತ್ತದೆ. ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುತ್ತದೆ, ಹಾಗಾಗಿ ಖಾಲಿ ಡಿಸ್ಕಿನ ಮೇಲೆ ಮಾತ್ರ.

ಡೇಟಾ ಹೋಗುವುದು ಬಹುತೇಕ ತಪ್ಪು ಡಿಸ್ಕಿಗೆ ಆಜ್ಞೆ ಕೊಟ್ಟಾಗಲೇ. ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಪ್ರತಿ ಬಾರಿ ಸರ್ವರ್ ಹೊತ್ತಿಸಿದಾಗಲೂ ಅದಲುಬದಲಾಗಬಹುದು. ಪ್ರತಿ ಡಿಸ್ಕಿನ ಲೇಬಲ್ ಮೇಲಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಟೇಪಿನ ಮೇಲೆ ಬರೆದು ಕಾಣುವಂತೆ ಅಂಟಿಸಿ. ಆಜ್ಞೆ ಕೊಡುವಾಗ 'ಬೈ-ಐಡಿ' ಫೋಲ್ಡರ್‌ನಲ್ಲಿರುವ, ಸೀರಿಯಲ್ ಒಳಗೊಂಡ ಹೆಸರನ್ನೇ ಬಳಸಿ. ಮುಟ್ಟಬಾರದ ಡಿಸ್ಕ್ ಯಾವುದಾದರೂ ಇದ್ದರೆ ಅದರ ಕೇಬಲ್ ಕಿತ್ತಿಡುವುದೇ ಲೇಸು.

ಹೊಸ ಡಿಸ್ಕಿಗೆ ಜಿಪಿಟಿ ಪಾರ್ಟಿಷನ್ ಪಟ್ಟಿ ಹಾಕಿ ಒಂದೇ ಪಾರ್ಟಿಷನ್ ಮಾಡಿ, ಕೊನೆಯಲ್ಲಿ 200 ಎಂಬಿ ಖಾಲಿ ಬಿಡಿ. ಬೇರೆ ಬೇರೆ ತಯಾರಕರ 4 ಟಿಬಿಗಳು ಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಎರಡನೆಯದು ಕೂದಲೆಳೆಯಷ್ಟು ಚಿಕ್ಕದಾದರೂ ಮಿರರ್ ಕಟ್ಟುವ ಎಂಡಿಆ್ಯಡಮ್ ಆಜ್ಞೆ ಒಪ್ಪುವುದಿಲ್ಲ. ನಂತರ ಎಂಡಿಆ್ಯಡಮ್‌ನಲ್ಲಿ ಲೆವೆಲ್ 1 (ಅಂದರೆ ಮಿರರ್), ಡಿಸ್ಕ್ ಸಂಖ್ಯೆ 2 ಎಂದು ಕೊಟ್ಟು, ಒಂದು ಡಿಸ್ಕಿನ ಜಾಗದಲ್ಲಿ 'ಮಿಸ್ಸಿಂಗ್' ಎಂದು ಬರೆದು ಅರೇ (ಡಿಸ್ಕ್‌ಗಳ ಜೋಡಿ) ರಚಿಸಿ. ಅದರ ಮೇಲೆ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಡಿ. ಇಎಕ್ಸ್‌ಟಿ4 ತಾನಾಗಿಯೇ ಶೇ. 5 ಜಾಗವನ್ನು ರೂಟ್‌ಗೆಂದು ತೆಗೆದಿಡುತ್ತದೆ, ನಿಮ್ಮಲ್ಲಿ ಅದು 200 ಜಿಬಿ. ಬರೀ ಡೇಟಾ ಇಡುವ ಡಿಸ್ಕಿಗೆ ಶೇ. 1 ಸಾಕು, ಟ್ಯೂನ್2ಎಫ್‌ಎಸ್‌ನಿಂದ ಇಳಿಸಿಕೊಳ್ಳಿ.

ನಕಲಿಗೆ ಆರ್‌ಸಿಂಕ್ ಆಜ್ಞೆ. ಚಿಕ್ಕಕ್ಷರದ ಎ ಜತೆಗೆ ದೊಡ್ಡಕ್ಷರದ ಎಚ್, ಎ, ಎಕ್ಸ್ ಆಯ್ಕೆಗಳನ್ನೂ ಕೊಟ್ಟರೆ ಹಾರ್ಡ್‌ಲಿಂಕ್, ಅನುಮತಿಗಳು ಎಲ್ಲ ಹಾಗೇ ಬರುತ್ತವೆ. ಮೂಲ ಫೋಲ್ಡರ್‌ನ ಹೆಸರಿನ ಕೊನೆಯ ಓರೆಗೆರೆ ಮರೆಯಬೇಡಿ. ಅದಿಲ್ಲದಿದ್ದರೆ ಫೋಲ್ಡರ್‌ನೊಳಗೆ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ. ಮೊದಲ ಸುತ್ತು ಸರ್ವರ್ ನಡೆಯುತ್ತಿರುವಾಗಲೇ ಆಗಬಹುದು. ಎರಡನೆಯ ಸುತ್ತಿಗೆ ಮುನ್ನ ಸಾಂಬಾ (ಫೈಲ್ ಹಂಚಿಕೆ), ಫೋಟೊ ಆ್ಯಪ್, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲ ನಿಲ್ಲಿಸಿ. ಫೋಟೊ ಆ್ಯಪ್‌ನ ಡೇಟಾಬೇಸನ್ನು ಅದರದ್ದೇ ಡಂಪ್ ಆಜ್ಞೆಯಿಂದ ಬೇರೆಯಾಗಿ ತೆಗೆದಿಡಿ. ನಡೆಯುತ್ತಿರುವ ಡೇಟಾಬೇಸಿನ ಫೈಲ್‌ಗಳನ್ನು ನಕಲಿಸಿದರೆ ಪ್ರತಿ ಸರಿ ಇದ್ದಂತೆ ಕಂಡರೂ ತೆರೆಯದೇ ಹೋಗಬಹುದು.

ಮೂರನೆಯ ಸುತ್ತು ತಾಳೆ ನೋಡಲು: ಚೆಕ್‌ಸಮ್ (ಒಳಗಿನ ಮಾಹಿತಿಯ ಹೋಲಿಕೆ), ಡ್ರೈ-ರನ್ (ನಕಲಿಸದೆ ನೋಡುವುದು) ಮತ್ತು ವ್ಯತ್ಯಾಸಗಳ ಪಟ್ಟಿ ಕೊಡುವ ಐಟಮೈಸ್-ಚೇಂಜಸ್ ಆಯ್ಕೆಗಳೊಂದಿಗೆ ಆರ್‌ಸಿಂಕ್ ಮತ್ತೊಮ್ಮೆ. ಎರಡೂ ಕಡೆಯ ಪ್ರತಿ ಬೈಟ್ ಓದುವುದರಿಂದ ಆರೇಳು ಗಂಟೆ ಬೇಕು. ಯಾವ ಫೈಲಿನ ಹೆಸರೂ ಪಟ್ಟಿಯಲ್ಲಿ ಬರದಿದ್ದರೆ ನಕಲು ಸರಿಯಾಗಿದೆ. ಯುಎಸ್‌ಬಿ ಪ್ರತಿಗೂ ಇದೇ ತಾಳೆ ಆಗಲಿ.

ಈಗ ಸರ್ವರನ್ನು ಹೊಸ ಅರೇಗೆ ತಿರುಗಿಸಿ ನಾಲ್ಕೈದು ದಿನ ಬಳಸಿ. ಯಾವ ಡಿಸ್ಕ್ ಎಲ್ಲಿ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅರೇಯ ಯುಯುಐಡಿ (ಬದಲಾಗದ ಗುರುತು) ಹಾಕಿ, 'ನೋಫೇಲ್' ಸೇರಿಸಿ; ಇಲ್ಲದಿದ್ದರೆ ಅರೇ ಏಳದ ದಿನ ಸರ್ವರ್ ಹೊತ್ತುವುದು ಅರ್ಧಕ್ಕೇ ನಿಲ್ಲಬಹುದು. ಅರೇಯ ವಿವರವನ್ನು ಎಂಡಿಆ್ಯಡಮ್‌ನ ಕಾನ್ಫಿಗ್ ಫೈಲಿಗೆ ಸೇರಿಸಿ, ಸರ್ವರ್ ಹೊತ್ತುವಾಗ ಬಳಸುವ ಇನಿಟ್‌ರಾಮ್‌ಎಫ್‌ಎಸ್ ನವೀಕರಿಸಿ. ಇದನ್ನು ಬಿಟ್ಟವರಿಗೆ ರೀಬೂಟ್ ಆದಮೇಲೆ ಎಂಡಿ0 ಇದ್ದದ್ದು ಎಂಡಿ127 ಆಗಿ ಕಾಣುತ್ತದೆ. ಎಲ್ಲ ಸರಿಯಾಗಿದೆ ಎನಿಸಿದ ಮೇಲಷ್ಟೇ ಎಲ್‌ವಿಎಂ ಬಿಚ್ಚಿ, ಹಳೆಯ ಎರಡರಲ್ಲಿ ಚೆನ್ನಾಗಿರುವ ಡಿಸ್ಕಿಗೆ ಅದೇ ಅಳತೆಯ ಪಾರ್ಟಿಷನ್ ಮಾಡಿ ಅರೇಗೆ ಸೇರಿಸಿ. 'ಎಂಡಿಸ್ಟ್ಯಾಟ್' ಫೈಲಿನಲ್ಲಿ ನಕಲು ಎಷ್ಟಾಯಿತೆಂಬ ಶೇಕಡಾವಾರು ಕಾಣುತ್ತದೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿಗೆ ಏಳೂವರೆ ಗಂಟೆ. ಉಳಿದ ಮೂರನೆಯ ಡಿಸ್ಕನ್ನು ಅರೇಗೆ ಸೇರಿಸುವ ಆಸೆ ಬೇಡ. ಅದು ಬ್ಯಾಕಪ್‌ಗಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೋ ಹೇಳಲಾಗದು. ಮನೆಗೆ ಇನ್ವರ್ಟರ್, ತೋಟಕ್ಕೆ ಡೀಸೆಲ್ ಜನರೇಟರ್ ಇದೆ. ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮರಳಿ ತುಂಬುವುದು) ನಡುವೆ ಕರೆಂಟ್ ಹೋದರೆ ಎಲ್ಲ ಹೋದಂತೆಯೇ? (ವಿರಾಜಪೇಟೆ)

ಉತ್ತರ: ಮಿರರ್ ಆದರೆ ಹೋಗುವುದಿಲ್ಲ. ಮೂಲ ಡಿಸ್ಕ್ ಹಾಗೇ ಇರುತ್ತದೆ, ಹೊಸದಕ್ಕೆ ನಕಲು ಮತ್ತೆ ನಡೆಯುತ್ತದೆ, ಕೆಲವೊಮ್ಮೆ ಮೊದಲಿನಿಂದ. ಬೇರೆ ಫೈಲ್ ಸಿಸ್ಟಮ್‌ಗಳಾದ ಝಡ್‌ಎಫ್‌ಎಸ್‌ನ ರೀಸಿಲ್ವರ್ (ಅದರ ರೀಬಿಲ್ಡ್), ಬಿಟಿಆರ್‌ಎಫ್‌ಎಸ್‌ನ ಬ್ಯಾಲೆನ್ಸ್ (ಡೇಟಾ ಮರುಹಂಚಿಕೆ) ಕೂಡ ಮುಂದುವರಿಯುತ್ತವೆ. ಭಯಪಡಬೇಕಾದದ್ದು ರೈಡ್ 5. ಅದರಲ್ಲಿ ಡೇಟಾ ಮತ್ತು ಪ್ಯಾರಿಟಿ (ಹೋದ ಡಿಸ್ಕಿನ ಡೇಟಾವನ್ನು ಮರಳಿ ಲೆಕ್ಕಹಾಕುವ ಮಾಹಿತಿ) ಬೇರೆ ಬೇರೆ ಡಿಸ್ಕ್‌ಗಳಿಗೆ ಹೋಗುತ್ತವೆ. ಒಂದು ಬರೆದು ಇನ್ನೊಂದು ಬರೆಯುವ ಮುನ್ನ ಕರೆಂಟ್ ಹೋದರೆ ಎರಡಕ್ಕೂ ಹೊಂದಿಕೆ ತಪ್ಪುತ್ತದೆ. ಆಗಲೇ ಒಂದು ಡಿಸ್ಕ್ ಇಲ್ಲದಿದ್ದರೆ ಎಂಡಿಆ್ಯಡಮ್ ಅರೇಯನ್ನು ಎಬ್ಬಿಸಲು ನಿರಾಕರಿಸುತ್ತದೆ. ಬಲವಂತದ 'ಫೋರ್ಸ್' ಆಯ್ಕೆಯಿಂದ ಎಬ್ಬಿಸಬಹುದಾದರೂ ಯಾವ ಫೈಲ್ ಕೆಟ್ಟಿದೆಯೆಂದು ಅದು ಹೇಳುವುದಿಲ್ಲ.

ಮನೆಯ ಇನ್ವರ್ಟರ್ ಸಾಲದು. ಕಂಪ್ಯೂಟರ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಪೂರ್ಣ ಲೋಡಿನಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್‌ನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದ್ದರೆ ಬಹುಶಃ ದಾಟಬಹುದು. ಇಕೋ ಮೋಡ್‌ನಲ್ಲಿದ್ದರೆ ಸರ್ವರ್ ರೀಸ್ಟಾರ್ಟ್ ಆಗುವ ಸಂಭವವೇ ಹೆಚ್ಚು. ಬ್ಯಾಟರಿ ಖಾಲಿಯಾಗುತ್ತಿದೆಯೆಂದು ಸರ್ವರ್‌ಗೆ ತಿಳಿಸಲು ಅದಕ್ಕೆ ದಾರಿಯೂ ಇಲ್ಲ. ಯುಎಸ್‌ಬಿ ಪೋರ್ಟ್ ಇರುವ 600 ವಿಎ ಲೈನ್-ಇಂಟರಾಕ್ಟಿವ್ ಯುಪಿಎಸ್ ತನ್ನಿ. ಮೂರು ಡಿಸ್ಕಿನ ಸಣ್ಣ ಸರ್ವರ್ 60ರಿಂದ 80 ವ್ಯಾಟ್ ಎಳೆಯುತ್ತದೆ, ಅಷ್ಟಕ್ಕೆ ಅದು ಸಾಕು. ಸರ್ವರ್‌ನಲ್ಲಿ ಯುಪಿಎಸ್ ಮೇಲೆ ಕಣ್ಣಿಡುವ ನಟ್ ತಂತ್ರಾಂಶ ಹಾಕಿ, ಕರೆಂಟ್ ಹೋಗಿ ಎರಡು ನಿಮಿಷಕ್ಕೆ ತಾನಾಗಿ ಮುಚ್ಚುವಂತೆ ಹೊಂದಿಸಿ. ಹೊಂದಿಸಿದ ಮೇಲೆ ಗೋಡೆಯ ಪ್ಲಗ್ ಕಿತ್ತು ಪರೀಕ್ಷಿಸಲೇಬೇಕು.

ಜನರೇಟರ್‌ನ ಫ್ರೀಕ್ವೆನ್ಸಿ ಏರಿಳಿದರೆ ಯುಪಿಎಸ್ ಆ ಕರೆಂಟನ್ನು ಒಪ್ಪದೆ ಬ್ಯಾಟರಿಯಲ್ಲೇ ಓಡಿ ಖಾಲಿಯಾಗುತ್ತದೆ. ಸೆನ್ಸಿಟಿವಿಟಿಯನ್ನು 'ಲೋ'ಗೆ ಇಳಿಸಿ ನೋಡಿ. ಸಿಡಿಲಿನ ಮಾತು ಬೇರೆ. ಅದು ಕರೆಂಟಿನ ತಂತಿಯಲ್ಲಿ ಮಾತ್ರ ಬರುವುದಿಲ್ಲ. ಮನೆಯಿಂದ ತೋಟದ ಆಫೀಸಿಗೆ ಎಳೆದ ತಾಮ್ರದ ಲ್ಯಾನ್ ಕೇಬಲ್‌ನಲ್ಲೂ ಬರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದು ಎರಡು ಕೊನೆಗಳಲ್ಲೂ ಮೀಡಿಯಾ ಕನ್ವರ್ಟರ್ ಹಾಕಿ. ಡಿಸ್ಕ್ ಮರುಜೋಡಣೆಯಂಥ ದೊಡ್ಡ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಕಾಫಿ ಕೊಯ್ಲಿನ ಗಡಿಬಿಡಿ ಕಳೆದು, ಹೂಮಳೆಯ ಗುಡುಗು ಶುರುವಾಗುವ ಮೊದಲಿನ ಒಣ ವಾರಗಳು ಇದಕ್ಕೆ ಹೇಳಿಮಾಡಿಸಿದ ಕಾಲ.

ಪ್ರಶ್ನೆ: ಝಡ್‌ಎಫ್‌ಎಸ್‌ನಲ್ಲಿ ಮೂರು ಡಿಸ್ಕಿನ ರೈಡ್‌ಝಡ್1 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ) ಇದೆ. ನಾಲ್ಕನೆಯದನ್ನು ಸೇರಿಸಬಹುದೆ? (ಕುಶಾಲನಗರ)

ಉತ್ತರ: ಓಪನ್‌ಝಡ್‌ಎಫ್‌ಎಸ್ 2.3 ಅಥವಾ ಅದಕ್ಕಿಂತ ಹೊಸದು ಇದ್ದರೆ ಸೇರಿಸಬಹುದು. 2025ರ ಜನವರಿಯಲ್ಲಿ ಬಂದ 2.3ಕ್ಕೆ ಮೊದಲು ಪೂಲ್ (ಡಿಸ್ಕ್‌ಗಳೆಲ್ಲ ಸೇರಿದ ಜಾಗ) ಅಳಿಸಿ ಹೊಸದಾಗಿ ಕಟ್ಟುವುದೊಂದೇ ದಾರಿಯಾಗಿತ್ತು. ಬಳಸಬೇಕಾದ ಆಜ್ಞೆ 'ಅಟ್ಯಾಚ್', ಗುರಿ ರೈಡ್‌ಝಡ್1-0. 'ಆ್ಯಡ್' ಎಂದು ಕೊಟ್ಟರೆ ನಾಲ್ಕನೆಯ ಡಿಸ್ಕ್ ಒಂಟಿಯಾಗಿ ಪೂಲಿಗೆ ಸೇರುತ್ತದೆ. ಝಡ್‌ಎಫ್‌ಎಸ್ ಎಚ್ಚರಿಸುತ್ತದೆ ನಿಜ, ಆದರೆ 'ಎಫ್' ಹಾಕಿ ಒತ್ತಾಯಿಸಿದಿರೋ, ರೈಡ್‌ಝಡ್ ಇರುವ ಪೂಲಿನಿಂದ ಅದನ್ನು ಮತ್ತೆ ತೆಗೆಯಲಾಗದು; ಆ ಒಂದು ಡಿಸ್ಕ್ ಹೋದರೆ ಪೂಲೇ ಹೋಗುತ್ತದೆ. ಮೊದಲು ಒಂದು ಸ್ಕ್ರಬ್ (ಎಲ್ಲ ಡೇಟಾ ಓದಿ ತಪಾಸಣೆ) ಮುಗಿಸಿ, ದೋಷ ಸೊನ್ನೆ ಎಂದು ಖಚಿತವಾದ ಮೇಲೆ ಅಟ್ಯಾಚ್ ಮಾಡಿ. ಹಳೆಯ ಡೇಟಾ ಹಳೆಯ ಅನುಪಾತದಲ್ಲೇ ಉಳಿಯುವುದರಿಂದ ನೀವು ಎಣಿಸಿದ್ದಕ್ಕಿಂತ ಜಾಗ ಕಡಿಮೆ ಕಂಡರೆ ಗಾಬರಿ ಬೇಡ. ಇದಾದ ಮೇಲೆ ಆ ಪೂಲ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ ಎಂಬುದು ನೆನಪಿರಲಿ.

ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಅಲ್ಲದೆ ಸಿಎಂಆರ್ ವಿಧದ್ದೇ ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಹೊದ್ದಿರುತ್ತವೆ. ರೀಸಿಲ್ವರ್‌ನಂಥ ದೀರ್ಘ ಬರವಣಿಗೆಯಲ್ಲಿ ವೇಗ ಪಾತಾಳಕ್ಕಿಳಿದು ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ.

ಪ್ರಶ್ನೆ: ಮಿರರ್ ಇದ್ದ ಮೇಲೆ ಬ್ಯಾಕಪ್ ಏಕೆ? (ಭಾಗಮಂಡಲ)

ಉತ್ತರ: ಮಿರರ್‌ನಲ್ಲಿ ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕ್‌ಗಳಲ್ಲಿ ಆ ಕ್ಷಣವೇ ಅಳಿಯುತ್ತದೆ. ಸಿಡಿಲು, ಕಳವು, ಬೆಂಕಿ ಎರಡನ್ನೂ ಒಟ್ಟಿಗೇ ಒಯ್ಯುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮನೆಗಳೇ ಹೋದವು. ಆದ್ದರಿಂದ ಒಂದು ಪ್ರತಿ ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದರೆ ಸಾಲದು, ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಂಟರ ಮನೆಯಲ್ಲಿರಲಿ. ಇಂಟರ್ನೆಟ್ ಮೂಲಕ ಕಳಿಸುವುದಾದರೆ 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ 3 ಟಿಬಿಗೆ ಎಡೆಬಿಡದೆ ಹದಿನಾಲ್ಕು ದಿನ ಬೇಕು. ಮೊದಲ ಪ್ರತಿಯನ್ನು ಡಿಸ್ಕಿನಲ್ಲೇ ಒಯ್ದು, ನಂತರದ ಬದಲಾವಣೆಗಳನ್ನಷ್ಟೇ ರಾತ್ರಿ ಹೊತ್ತು ಕಳಿಸಿ. ಹೊರಗೆ ಇಡುವ ಡಿಸ್ಕಿಗೆ ಲಕ್ಸ್ ಎನ್‌ಕ್ರಿಪ್ಷನ್ ಹಾಕಿ, ಪಾಸ್‌ವರ್ಡ್ ಮನೆಯ ಇನ್ನೊಬ್ಬರಿಗೂ ತಿಳಿದಿರಲಿ. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಹತ್ತಾರು ಫೈಲ್‌ಗಳನ್ನು ವಾಪಸ್ ತೆಗೆದು ತೆರೆದು ನೋಡಿ.

ಪ್ರಶ್ನೆ: 4 ಟಿಬಿ ಎರಡು, 8 ಟಿಬಿ ಒಂದು ಡಿಸ್ಕ್ ಇವೆ. ಮಿರರ್ ಆಗುತ್ತದೆಯೆ? (ಸೋಮವಾರಪೇಟೆ)

ಉತ್ತರ: ಆಗುತ್ತದೆ. ಬಿಟಿಆರ್‌ಎಫ್‌ಎಸ್ ರೈಡ್ 1ರಲ್ಲಿ (ಮಿರರ್) ಮೂರನ್ನೂ ಸೇರಿಸಿದರೆ 8 ಟಿಬಿ ಪೂರ್ತಿ ಸಿಗುತ್ತದೆ, ಏಕೆಂದರೆ ಅದು ಪ್ರತಿ ತುಣುಕಿಗೂ ಯಾವುದಾದರೂ ಎರಡು ಡಿಸ್ಕ್‌ಗಳನ್ನು ಆರಿಸಿಕೊಳ್ಳುತ್ತದೆ. ಈಗಿರುವ ಒಂಟಿ ಡಿಸ್ಕಿಗೆ ಹೊಸದನ್ನು ಸೇರಿಸಿದ ಮೇಲೆ ಡೇಟಾ, ಮೆಟಾಡೇಟಾ (ಫೈಲ್‌ಗಳ ಹೆಸರು, ಜಾಗದ ಲೆಕ್ಕ) ಎರಡನ್ನೂ ರೈಡ್ 1ಕ್ಕೆ ಪರಿವರ್ತಿಸುವ ಬ್ಯಾಲೆನ್ಸ್ ಓಡಿಸಬೇಕು. ಮೆಟಾಡೇಟಾ ಬಿಟ್ಟರೆ ಮಿರರ್ ಅಪೂರ್ಣ.

ಪ್ರಶ್ನೆ: ಸ್ಮಾರ್ಟ್ ವರದಿಯಲ್ಲಿ 199ನೇ ಸಾಲು ಏರುತ್ತಿದೆ. ಡಿಸ್ಕ್ ಬದಲಿಸಬೇಕೆ? (ಮಡಿಕೇರಿ)

ಉತ್ತರ: ಮೊದಲು ಸಾಟಾ ಕೇಬಲ್ ಬದಲಿಸಿ. 199 ಎಂದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ಮಾಹಿತಿ ಹೋಗುವಾಗ ಆದ ದೋಷ. ಸಡಿಲ ಕೇಬಲ್, ತೇವದಿಂದ ಮಂಕಾದ ಕನೆಕ್ಟರ್ ಸಾಮಾನ್ಯ ಕಾರಣಗಳು. ಈ ಎಣಿಕೆ ಎಂದೂ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರುವುದು ನಿಂತಿತೇ ಎಂದಷ್ಟೇ ನೋಡಿ. ಸರ್ವರನ್ನು ಗೋಡೆಗೆ ಒತ್ತಿದ ಬೀರುವಿನಲ್ಲಿ ಇಡಬೇಡಿ, ಗಾಳಿಯಾಡಲಿ. ಸದಾ ಓಡುವ ಸರ್ವರ್ ತನ್ನ ಬಿಸಿಗೇ ಒಣಗಿರುತ್ತದೆ. ತೇವ ಕಾಡುವುದು ಆರಿಸಿಟ್ಟ ಬ್ಯಾಕಪ್ ಡಿಸ್ಕಿಗೆ. ಅದನ್ನು ಸಿಲಿಕಾ ಜೆಲ್ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಹರಳಿನ ಬಣ್ಣ ಬದಲಾದಾಗ ಓವನ್‌ನಲ್ಲಿ 110–120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ. ಚಳಿಯಿಂದ ಒಳಗೆ ತಂದ ಡಿಸ್ಕನ್ನು ಕೂಡಲೇ ಚಾಲೂ ಮಾಡದೆ, ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಿದ ಡಬ್ಬಿಯಲ್ಲೇ ಬಿಡಿ.